ನೀಲಿ ಮೊದಲು, ಕೆಂಪು ಕೊನೆಗೆ

ಮನುಷ್ಯನ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ನೀಲಿ, ಹಸಿರು, ಕೆಂಪು ಎಂಬ ಮೂರು ಪಂಗಡಗಳಾಗಿ ಬೇರ್ಪಡುವ ಕಾರ್ಯ ಬಹುಮಟ್ಟಿಗೆ ಶಿಶು ಗರ್ಭದಲ್ಲಿರುವಾಗಲೇ, ಹೊರಗಿನ ಬೆಳಕಿನ ನೆರವಿಲ್ಲದೆ ನಡೆದುಹೋಗುತ್ತದೆ. ಒಂದೇ ಬಗೆಯಾಗಿ ಕಾಣುವ ಎಳೆಯ ಕೋಶಗಳಲ್ಲಿ ಯಾವುದು ನೀಲಿಯ ಪಾಲಿಗೆ ಹೋಗಬೇಕು, ಯಾವುದು ಕೆಂಪಿನ ಪಾಲಿಗೆ ಹೋಗಬೇಕು ಎಂಬುದು ಹೇಗೆ ತೀರ್ಮಾನವಾಗುತ್ತದೆ ಎಂಬ ಪ್ರಶ್ನೆಗೆ ಬಹುಕಾಲ ನೇರವಾದ ಉತ್ತರವಿರಲಿಲ್ಲ. ಉತ್ತರ ಕಂಡುಕೊಳ್ಳಲು ಬೇಕಾದ ಅಂಗಾಂಶವೇ ಕೈಗೆ ಸಿಗುತ್ತಿರಲಿಲ್ಲ ಎಂಬುದು ಅದಕ್ಕೆ ಮುಖ್ಯ ಕಾರಣ. ಆಕರಕೋಶಗಳಿಂದ ಪ್ರಯೋಗಾಲಯದ ತಟ್ಟೆಯಲ್ಲಿ ಮನುಷ್ಯನ ಅಕ್ಷಿಪಟವನ್ನು ಬೆಳೆಸುವ ವಿಧಾನ ಕೈಗೂಡಿದ ಮೇಲೆ, ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಪ್ರಯೋಗಕ್ಕೆ ಒಡ್ಡುವುದು ಸಾಧ್ಯವಾಗಿದೆ. ಪತ್ರಿಕೆಗಳು ಈ ಸಾಧನೆಯನ್ನು ಬದಲಿ ಕಣ್ಣಿನ ಆಸೆಯೊಂದಿಗೆ ಜೋಡಿಸಿ ವರದಿ ಮಾಡುವುದೇ ಹೆಚ್ಚಾದರೂ, ಇದುವರೆಗೆ ಅದರಿಂದ ದೊರೆತಿರುವ ಗಟ್ಟಿ ಫಲ ಬೇರೆಯದು: ಗರ್ಭದಲ್ಲಿ ತಿಂಗಳುಗಟ್ಟಲೆ ನಡೆಯುವ ಒಂದು ಬೆಳವಣಿಗೆಯ ವೇಳಾಪಟ್ಟಿಯನ್ನು ಓದಲು, ಮಾತ್ರವಲ್ಲ, ಅದನ್ನು ಬೇಕೆಂದೇ ಹಿಂದುಮುಂದು ಮಾಡಿ ನೋಡಲು ಸಿಕ್ಕ ಅವಕಾಶ.

ಅಕ್ಷಿಪಟ, ಅಂದರೆ ರೆಟಿನಾ, ಕಣ್ಣಿನ ಹಿಂಭಾಗದ ಒಳಗೋಡೆಗೆ ಅಂಟಿಕೊಂಡಿರುವ, ಸುಮಾರು ಕಾಲು ಮಿಲಿಮೀಟರ್ ದಪ್ಪದ ನರಪದರ. ಭ್ರೂಣದಲ್ಲಿ ಮಿದುಳಿನ ಮುಂಭಾಗದಿಂದಲೇ ಹೊರಚಾಚಿ ರೂಪುಗೊಳ್ಳುವುದರಿಂದ ಅದನ್ನು ಮಿದುಳಿನ ಅಂಗವೆಂದೇ ಶರೀರಶಾಸ್ತ್ರ ಪರಿಗಣಿಸುತ್ತದೆ. ಈ ಪದರದ ತೀರ ಹಿಂದಿನ ಸಾಲಿನಲ್ಲಿ ನಿಂತು ಬೆಳಕನ್ನು ಹಿಡಿದು ವಿದ್ಯುತ್ ಸಂಕೇತವಾಗಿ ಬದಲಿಸುವ ಕೋಶಗಳಿಗೆ ದ್ಯುತಿಗ್ರಾಹಕಗಳೆಂದು ಹೆಸರು. ಅವುಗಳಲ್ಲಿ ಮಂದ ಬೆಳಕಿನಲ್ಲಿ ಕೆಲಸಮಾಡುವ ದಂಡಕೋಶಗಳು 9ರಿಂದ 12 ಕೋಟಿಯಷ್ಟಿದ್ದರೆ, ಹಗಲಿನ ನೋಟಕ್ಕೂ ಬಣ್ಣದ ಅರಿವಿಗೂ ಆಧಾರವಾದ ಶಂಕುಕೋಶಗಳು 45ರಿಂದ 60 ಲಕ್ಷ ಮಾತ್ರ ಎಂದು ಅಂದಾಜಿದೆ. ಪ್ರತಿಯೊಂದು ಶಂಕುಕೋಶವೂ ಆಪ್ಸಿನ್ ಎಂಬ ಬೆಳಕುಹೀರುವ ಪ್ರೋಟೀನಿನ ಒಂದು ಬಗೆಯನ್ನು ಮಾತ್ರ ತಯಾರಿಸುತ್ತದೆ, ಮತ್ತು ಆ ಆಯ್ಕೆಯೇ ಅದರ ಪಂಗಡವನ್ನು ನಿರ್ಧರಿಸುತ್ತದೆ. ಸುಮಾರು 420 ನ್ಯಾನೊಮೀಟರ್ ತರಂಗಾಂತರದ ಬೆಳಕಿಗೆ ಹೆಚ್ಚು ಸ್ಪಂದಿಸುವ ಆಪ್ಸಿನ್ ಇದ್ದರೆ ಅದು ನೀಲಿ ಶಂಕು, 530ರ ಆಸುಪಾಸಿನದಿದ್ದರೆ ಹಸಿರು ಶಂಕು, 560ರ ಆಸುಪಾಸಿನದಿದ್ದರೆ ಕೆಂಪು ಶಂಕು. ನೀಲಿ ಶಂಕುಗಳು ಒಟ್ಟು ಶಂಕುಗಳಲ್ಲಿ ಶೇಕಡಾ 10ನ್ನೂ ಮೀರುವುದಿಲ್ಲ. ಉಳಿದದ್ದೆಲ್ಲ ಹಸಿರು ಮತ್ತು ಕೆಂಪಿನ ಪಾಲು.

ಈ ಹಂಚಿಕೆಯನ್ನು ಅಭ್ಯಾಸಮಾಡಲು ಇಲಿಯಂಥ ಪ್ರಯೋಗಪ್ರಾಣಿ ಸಾಲದು. ಇಲಿಯ ಕಣ್ಣಿನಲ್ಲಿ ಎರಡೇ ಬಗೆಯ ಶಂಕು ಆಪ್ಸಿನ್‌ಗಳಿದ್ದು, ಅನೇಕ ಕೋಶಗಳು ಎರಡನ್ನೂ ಒಟ್ಟಿಗೆ ಹೊಂದಿರುತ್ತವೆ. ಕೆಂಪು ಮತ್ತು ಹಸಿರು ಎಂಬ ಭೇದವೇ ಅಲ್ಲಿಲ್ಲ. ಸೂಕ್ಷ್ಮ ನೋಟಕ್ಕೆ ಮೀಸಲಾದ ಫೋವಿಯಾ ಎಂಬ ನಡುವಿನ ಕುಳಿಯೂ ಅದಕ್ಕಿಲ್ಲ. ಮೂರು ಬಣ್ಣದ ಶಂಕುಗಳ ಏರ್ಪಾಡು ಜರಾಯುವುಳ್ಳ ಸಸ್ತನಿಗಳಲ್ಲಿ ಮನುಷ್ಯ, ವಾನರ ಮತ್ತು ಕೋತಿಗಳ ವರ್ಗಕ್ಕೆ ಮಾತ್ರ ಒಲಿದಿರುವ ಸಂಗತಿ. ಇನ್ನು ಮಾನವ ಭ್ರೂಣದ ಅಂಗಾಂಶ ಕಾನೂನಿನ ಚೌಕಟ್ಟಿನೊಳಗೆ ಅಪರೂಪಕ್ಕೆ ದೊರೆತಾಗಲೂ ಅದು ಒಂದು ದಿನದ, ಒಂದು ವಾರದ ಸ್ಥಿತಿಯನ್ನಷ್ಟೇ ತೋರಿಸುತ್ತದೆ. ಮುಂದಿನ ವಾರ ಅದೇ ಅಂಗಾಂಶ ಏನಾಗುತ್ತಿತ್ತು, ಒಂದು ಹಾರ್ಮೋನನ್ನು ತಪ್ಪಿಸಿದ್ದರೆ ಅದು ಯಾವ ದಾರಿ ಹಿಡಿಯುತ್ತಿತ್ತು ಎಂಬುದನ್ನು ಅದರಿಂದ ತಿಳಿಯಲಾಗದು, ತಿಳಿಯಲು ಯತ್ನಿಸುವುದೂ ಸಲ್ಲದು.

ಈ ಬಿಕ್ಕಟ್ಟಿನಿಂದ ಹೊರಬರುವ ದಾರಿಯನ್ನು ತೋರಿಸಿದ್ದು ಆಕರಕೋಶಗಳು, ಅಂದರೆ ದೇಹದ ಯಾವ ಬಗೆಯ ಕೋಶವಾಗಿ ಬೇಕಾದರೂ ಮಾರ್ಪಡಬಲ್ಲ ಮೂಲಕೋಶಗಳು. ಮಾನವ ಭ್ರೂಣದ ಆಕರಕೋಶಗಳನ್ನು 1998ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೇಮ್ಸ್ ಥಾಮ್ಸನ್ ಪ್ರತ್ಯೇಕಿಸಿದರು. ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಶಿನ್ಯಾ ಯಮನಾಕ 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಚರ್ಮದ ಸಾಧಾರಣ ಕೋಶಗಳಿಗೆ ನಾಲ್ಕು ಜೀನುಗಳನ್ನು ಸೇರಿಸಿ ಅವುಗಳನ್ನು ಹಿಂದಿನ ಭ್ರೂಣಾವಸ್ಥೆಗೆ ಮರಳಿಸಬಹುದೆಂದು ತೋರಿಸಿದರು; ಈ ಕೆಲಸಕ್ಕಾಗಿ 2012ರಲ್ಲಿ ಜಾನ್ ಗರ್ಡನ್ ಅವರೊಂದಿಗೆ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಭ್ರೂಣವನ್ನು ಮುಟ್ಟದೆಯೇ ಯಾವ ವ್ಯಕ್ತಿಯ ಚರ್ಮ ಅಥವಾ ರಕ್ತದಿಂದಾದರೂ ಆಕರಕೋಶಗಳನ್ನು ಪಡೆಯುವುದು ಇದರಿಂದ ಸಾಧ್ಯವಾಯಿತು. ಆದರೆ ಕೋಶಗಳ ರಾಶಿ ಇದ್ದ ಮಾತ್ರಕ್ಕೆ ಅಂಗಾಂಶವಾಗದು. ಕೋಶಗಳು ತಮ್ಮ ತಮ್ಮ ಸಾಲಿನಲ್ಲಿ ನಿಂತು, ಸರಿಯಾದ ನೆರೆಯನ್ನು ಪಡೆದು, ಪದರಗಳಾಗಿ ಜೋಡಣೆಗೊಳ್ಳಬೇಕು.

ಆ ಜೋಡಣೆಯನ್ನು ಹೊರಗಿನಿಂದ ಯಾರೂ ಮಾಡಬೇಕಾಗಿಲ್ಲ ಎಂದು ತೋರಿಸಿಕೊಟ್ಟವರು ಜಪಾನಿನ ಕೋಬೆಯಲ್ಲಿರುವ ರೀಕೆನ್ ಸಂಸ್ಥೆಯ ಯೋಶಿಕಿ ಸಸಾಯ್ ಮತ್ತು ಅವರ ಸಂಗಡಿಗರು. ಸುಮಾರು 3,000 ಇಲಿ ಆಕರಕೋಶಗಳನ್ನು ಒಟ್ಟಾಗಿ ದ್ರಾವಣದಲ್ಲಿ ತೇಲಲು ಬಿಟ್ಟು, ಕೋಶಗಳಿಗೆ ಹಂದರವಾಗಬಲ್ಲ ಪ್ರೋಟೀನುಗಳ ಮಿಶ್ರಣವನ್ನು ಸೇರಿಸಿದಾಗ, ಆ ಉಂಡೆಯ ಮೈಯಿಂದ ಸಣ್ಣ ಗುಳ್ಳೆಗಳು ಎದ್ದು, ಪ್ರತಿಯೊಂದು ಗುಳ್ಳೆಯ ತುದಿಯೂ ತಾನಾಗಿಯೇ ಒಳಮುಖವಾಗಿ ಮಡಚಿಕೊಂಡು ಎರಡು ಪದರದ ಬಟ್ಟಲಾಯಿತು. ಭ್ರೂಣದಲ್ಲಿ ಕಣ್ಣು ರೂಪುಗೊಳ್ಳುವಾಗ ಕಾಣುವ ಬಟ್ಟಲಿನ ಆಕಾರವೂ ಅದೇ. ಭ್ರೂಣದಲ್ಲಿ ಈ ಮಡಿಕೆಗೆ ಮೇಲಿನ ಮಸೂರದ ಒತ್ತಡ ಬೇಕೆಂದು ಭಾವಿಸಿದ್ದವರಿಗೆ, ಮಸೂರವೇ ಇಲ್ಲದ ತಟ್ಟೆಯಲ್ಲಿಯೂ ಬಟ್ಟಲು ಆಗುತ್ತದೆ ಎಂಬುದು ಅನಿರೀಕ್ಷಿತವಾಗಿತ್ತು. 2011ರಲ್ಲಿ ಈ ಫಲಿತಾಂಶ ಪ್ರಕಟವಾದ ಮರುವರ್ಷ ಅದೇ ತಂಡ ಮಾನವ ಆಕರಕೋಶಗಳಿಂದಲೂ ಕಣ್ಣಿನ ಬಟ್ಟಲನ್ನು ಬೆಳೆಸಿತು. ಅದು ಇಲಿಯದಕ್ಕಿಂತ ದೊಡ್ಡದಾಗಿಯೂ ದಪ್ಪವಾಗಿಯೂ ಇತ್ತು, ಬೆಳೆಯಲು ತೆಗೆದುಕೊಂಡ ಕಾಲವೂ ಹೆಚ್ಚು. ಒಂದೇ ಬಗೆಯ ತಟ್ಟೆ, ಹೆಚ್ಚುಕಡಿಮೆ ಒಂದೇ ಬಗೆಯ ಪೋಷಣೆ ಇದ್ದರೂ ಇಲಿಯ ಕೋಶ ಇಲಿಯ ಅಳತೆಗೆ, ಮನುಷ್ಯನ ಕೋಶ ಮನುಷ್ಯನ ಅಳತೆಗೆ ಬೆಳೆಯಿತೆಂದರೆ, ಅಳತೆಯೂ ಕಾಲವೂ ಬಹಳಷ್ಟು ಮಟ್ಟಿಗೆ ಕೋಶದ ಒಳಗೇ ಬರೆದಿರುತ್ತವೆ ಎಂದಾಯಿತು. ಮುಂದಿನ ಎಲ್ಲ ಪ್ರಯೋಗಗಳಿಗೂ ಆಧಾರವಾದದ್ದು ಇದೇ ತಿಳಿವಳಿಕೆ.

ಹೀಗೆ ಬೆಳೆಸಿದ, ಅಂಗವೊಂದರ ರಚನೆಯನ್ನು ಕಿರಿದಾಗಿ ಹೋಲುವ ಅಂಗಾಂಶಕ್ಕೆ ಆರ್ಗನಾಯ್ಡ್ ಎಂದು ಹೆಸರು. ಅಕ್ಷಿಪಟದ ಆರ್ಗನಾಯ್ಡ್ ಪೂರ್ತಿ ಬೆಳೆದಾಗಲೂ ಸಾಸಿವೆ ಕಾಳಿನಷ್ಟೇ ಇರುತ್ತದೆ. ಅದನ್ನು ಬೆಳೆಸುವ ಕೆಲಸದಲ್ಲಿ ಯಂತ್ರಕ್ಕಿಂತ ಕೈಯ ಪಾಲೇ ಹೆಚ್ಚು. ಮೊದಲ ಕೆಲವು ವಾರಗಳಲ್ಲಿ ಉಂಡೆಯ ಅಂಚಿನಲ್ಲಿ ಮೂಡುವ ಪಾರದರ್ಶಕವಾದ, ಹೊಳೆಯುವ ಗುಳ್ಳೆಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಗುರುತಿಸಿ, ಟಂಗ್‌ಸ್ಟನ್ ಲೋಹದ ಚೂಪಾದ ಸೂಜಿಯಿಂದ ಒಂದೊಂದಾಗಿ ಕತ್ತರಿಸಿ ಬೇರ್ಪಡಿಸಬೇಕು. ಅಪಾರದರ್ಶಕವಾಗಿ ಕಾಣುವ ಭಾಗ ಸಾಮಾನ್ಯವಾಗಿ ಮಿದುಳಿನ ಬೇರೆ ಅಂಗಾಂಶವಾಗಿ ಬೆಳೆಯುವಂಥದ್ದಾದ್ದರಿಂದ ಅದನ್ನು ಬಿಟ್ಟುಬಿಡಬೇಕು. ಆಮೇಲೆ ದೇಹದ ಉಷ್ಣತೆಯಲ್ಲಿರುವ ಇನ್‌ಕ್ಯುಬೇಟರಿನಲ್ಲಿಟ್ಟು, ಎರಡು ಮೂರು ದಿನಕ್ಕೊಮ್ಮೆ ಪೋಷಕ ದ್ರಾವಣವನ್ನು ಬದಲಿಸುತ್ತ, ಸೋಂಕು ತಗಲದಂತೆ ತಿಂಗಳುಗಟ್ಟಲೆ ಕಾಯಬೇಕು. ಆರೇಳು ತಿಂಗಳ ಹೊತ್ತಿಗೆ ಆರ್ಗನಾಯ್ಡಿನ ಹೊರ ಅಂಚಿನಲ್ಲಿ ನವುರಾದ ಕೂದಲಿನ ಸಾಲಿನಂಥ ಚಾಚಿಕೆಗಳು ಕಾಣಿಸಿಕೊಳ್ಳುತ್ತವೆ. ಅವು ದ್ಯುತಿಗ್ರಾಹಕಗಳ ಹೊರತುದಿಗಳು, ಅಂದರೆ ಬೆಳಕನ್ನು ಹಿಡಿಯುವ ಭಾಗಗಳು. ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯಲ್ಲಿ ವಲೇರಿಯಾ ಕ್ಯಾಂಟೊ-ಸೋಲರ್ ಅವರ ತಂಡ 2014ರಲ್ಲಿ ಇಂಥ ಅಂಗಾಂಶದ ಕೆಲವು ಕೋಶಗಳು ಬೆಳಕಿಗೆ ಪ್ರತಿಕ್ರಿಯಿಸುತ್ತವೆಂದೂ ದಾಖಲಿಸಿತು. ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಬೊಟೊಂಡ್ ರೋಸ್ಕ ಅವರ ತಂಡ 2020ರಲ್ಲಿ ಆರ್ಗನಾಯ್ಡಿನ ಕೋಶಗಳನ್ನು ಒಂದೊಂದಾಗಿ ವಿಶ್ಲೇಷಿಸಿ, ಅವುಗಳ ಬೆಳವಣಿಗೆಯ ವೇಗ ಗರ್ಭದಲ್ಲಿನ ಮಾನವ ಅಕ್ಷಿಪಟದ ವೇಗಕ್ಕೆ ಹತ್ತಿರವಾಗಿದೆಯೆಂದು ಸ್ಥಾಪಿಸಿತು. ಒಂಬತ್ತು ತಿಂಗಳ ಕೆಲಸವನ್ನು ಒಂಬತ್ತು ವಾರಕ್ಕೆ ಇಳಿಸುವ ಉಪಾಯ ಯಾರಿಗೂ ಸಿಕ್ಕಿಲ್ಲ. ಸಂಶೋಧಕರಿಗೆ ಇದು ತೊಡಕೆನಿಸಿದರೂ, ಬೆಳವಣಿಗೆಯ ಕಾಲಕ್ರಮವನ್ನೇ ಅಭ್ಯಾಸಮಾಡಬೇಕೆಂದವರಿಗೆ ಇದಕ್ಕಿಂತ ಅನುಕೂಲವಾದ ಗುಣ ಮತ್ತೊಂದಿಲ್ಲ.

ಈ ಅನುಕೂಲವನ್ನು ಚೊಕ್ಕವಾಗಿ ಬಳಸಿಕೊಂಡ ಅಧ್ಯಯನವೆಂದರೆ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರಾಬರ್ಟ್ ಜಾನ್ಸ್ಟನ್ ಅವರ ಪ್ರಯೋಗಾಲಯದಲ್ಲಿ ಕಿಯಾರಾ ಎಲ್‌ಡ್ರೆಡ್ ಮತ್ತು ಸಂಗಡಿಗರು ನಡೆಸಿ, 2018ರ ಅಕ್ಟೋಬರಿನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ್ದು. ಆರ್ಗನಾಯ್ಡುಗಳನ್ನು ಬೇರೆ ಬೇರೆ ವಯಸ್ಸಿನಲ್ಲಿ ತೆಗೆದು ಪರೀಕ್ಷಿಸಿದಾಗ, ಮೊದಲು ಕಾಣಿಸಿಕೊಳ್ಳುವುದು ನೀಲಿ ಶಂಕುಗಳೆಂದೂ, ಕೆಂಪು ಮತ್ತು ಹಸಿರು ಶಂಕುಗಳ ಸರದಿ ಆಮೇಲಿನದೆಂದೂ ತಿಳಿದುಬಂತು. ಭ್ರೂಣದ ಅಂಗಾಂಶದಲ್ಲಿ ಹಿಂದೆಯೇ ಗಮನಕ್ಕೆ ಬಂದಿದ್ದ ಕ್ರಮವೂ ಇದೇ. ಈ ಸರದಿಯನ್ನು ಬದಲಿಸುವ ಕೀಲಿ ಯಾವುದು ಎಂಬ ಪ್ರಶ್ನೆಗೆ ಅವರು ಅನುಮಾನಿಸಿದ್ದು ಥೈರಾಯ್ಡ್ ಹಾರ್ಮೋನನ್ನು. ಆ ಅನುಮಾನಕ್ಕೆ ಆಧಾರವಿತ್ತು. ಥೈರಾಯ್ಡ್ ಹಾರ್ಮೋನನ್ನು ಗುರುತುಹಿಡಿಯುವ ಬೀಟಾ-2 ಎಂಬ ಗ್ರಾಹಕ ಪ್ರೋಟೀನು ಇಲ್ಲವಾದರೆ ಇಲಿಗಳಲ್ಲಿ ಹಸಿರಿಗೆ ಸ್ಪಂದಿಸುವ ಶಂಕುಗಳು ರೂಪುಗೊಳ್ಳುವುದಿಲ್ಲವೆಂದು 2001ರಲ್ಲಿಯೇ ಗೊತ್ತಾಗಿತ್ತು.

ಮಾನವ ಅಂಗಾಂಶದಲ್ಲಿ ಅದನ್ನು ಪರೀಕ್ಷಿಸಲು ಕ್ರಿಸ್ಪರ್ ಎಂಬ ಜೀನ್ ತಿದ್ದುವ ತಂತ್ರದಿಂದ ಬೀಟಾ-2 ಗ್ರಾಹಕವನ್ನು ಮಾತ್ರ ತೆಗೆದುಹಾಕಿದ ಆಕರಕೋಶಗಳಿಂದ ಆರ್ಗನಾಯ್ಡುಗಳನ್ನು ಬೆಳೆಸಲಾಯಿತು. ತಿಂಗಳುಗಳ ಕಾಯುವಿಕೆಯ ನಂತರ ದೊರೆತ ಉತ್ತರ ಇಲಿಯ ಕಥೆಗೆ ಹೊಂದಲಿಲ್ಲ: ಶಂಕುಗಳ ಹಂಚಿಕೆಯಲ್ಲಿ ಯಾವ ವ್ಯತ್ಯಾಸವೂ ಆಗಿರಲಿಲ್ಲ. ಆಗ ಅದೇ ಜೀನಿನಿಂದ ತಯಾರಾಗುವ ಬೀಟಾ-1 ಮತ್ತು ಬೀಟಾ-2 ಎಂಬ ಎರಡು ರೂಪಗಳನ್ನೂ ಒಟ್ಟಿಗೆ ಇಲ್ಲವಾಗಿಸಲಾಯಿತು. ಈ ಬಾರಿ ಫಲಿತಾಂಶದಲ್ಲಿ ಸಂದೇಹಕ್ಕೆ ಎಡೆಯಿರಲಿಲ್ಲ. ಆರ್ಗನಾಯ್ಡಿನ ಶಂಕುಕೋಶಗಳೆಲ್ಲ ನೀಲಿಯಾಗಿದ್ದವು. ತದ್ವಿರುದ್ಧವಾಗಿ, ಸಹಜ ಆಕರಕೋಶಗಳಿಂದ ಬೆಳೆದ ಆರ್ಗನಾಯ್ಡುಗಳಿಗೆ ಬೆಳವಣಿಗೆಯ ಆರಂಭದಲ್ಲಿಯೇ ಹಾರ್ಮೋನನ್ನು ಹೆಚ್ಚಾಗಿ ಕೊಟ್ಟಾಗ ನೀಲಿ ಶಂಕುಗಳು ಬಹುತೇಕ ಇಲ್ಲವಾಗಿ, ಹೆಚ್ಚುಕಡಿಮೆ ಎಲ್ಲವೂ ಕೆಂಪು ಅಥವಾ ಹಸಿರಿನ ಪಾಲಾದವು. ಹಾರ್ಮೋನಿನ ಸಂಕೇತ ತಲುಪಿದರೆ ಒಂದು ದಾರಿ, ತಲುಪದಿದ್ದರೆ ಇನ್ನೊಂದು ದಾರಿ ಎಂಬುದು ಇದರಿಂದ ಖಚಿತವಾಯಿತು. ಇಲಿಯನ್ನೇ ನಂಬಿಕೊಂಡು ಬೀಟಾ-2ರ ಪ್ರಯೋಗಕ್ಕೇ ನಿಂತಿದ್ದರೆ, ಥೈರಾಯ್ಡ್ ಹಾರ್ಮೋನಿಗೂ ಮನುಷ್ಯನ ಬಣ್ಣದ ಕೋಶಗಳಿಗೂ ಸಂಬಂಧವೇ ಇಲ್ಲವೆಂಬ ತಪ್ಪು ತೀರ್ಮಾನಕ್ಕೆ ಬರುವ ಸಾಧ್ಯತೆಯಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು. ಮಾನವ ಅಂಗಾಂಶದ ಅಗತ್ಯವನ್ನು ಸಮರ್ಥಿಸಲು ಇದಕ್ಕಿಂತ ಬಲವಾದ ವಾದ ಬೇಕಿಲ್ಲ.

ಆದರೂ ಒಂದು ತೊಡಕು ಉಳಿಯುತ್ತದೆ. ಆರ್ಗನಾಯ್ಡಿಗೆ ಥೈರಾಯ್ಡ್ ಗ್ರಂಥಿಯಿಲ್ಲ, ತಾಯಿಯ ರಕ್ತವೂ ಇಲ್ಲ. ಪೋಷಕ ದ್ರಾವಣಕ್ಕೆ ಬೆರೆಸುವ ಪ್ರಾಣಿಮೂಲದ ಸೀರಮ್‌ನಲ್ಲಿ ಇರಬಹುದಾದಷ್ಟು ಹಾರ್ಮೋನು ಮಾತ್ರ ಅದಕ್ಕೆ ಲಭ್ಯ, ಮತ್ತು ಆ ಪೂರೈಕೆ ದಿನದಿಂದ ದಿನಕ್ಕೆ ಬದಲಾಗುವಂಥದ್ದಲ್ಲ. ಹಾಗಿರುವಾಗ ಮೊದಲು ನೀಲಿ, ಆಮೇಲೆ ಕೆಂಪು ಮತ್ತು ಹಸಿರು ಎಂಬ ಕಾಲಕ್ರಮ ಎಲ್ಲಿಂದ ಬಂತು? ಉತ್ತರ ಅಕ್ಷಿಪಟದ ಒಳಗೇ ಇತ್ತು. ಥೈರಾಯ್ಡ್ ಹಾರ್ಮೋನು ದೇಹದಲ್ಲಿ ಮುಖ್ಯವಾಗಿ ಸಂಚರಿಸುವುದು ನಾಲ್ಕು ಅಯೋಡಿನ್ ಪರಮಾಣುಗಳಿರುವ ಟಿ4 ಎಂಬ ರೂಪದಲ್ಲಿ. ಅದರಿಂದ ಒಂದು ನಿರ್ದಿಷ್ಟ ಅಯೋಡಿನ್ ಪರಮಾಣು ಕಳಚಿದಾಗ ಟಿ3 ಎಂಬ ಕ್ರಿಯಾಶೀಲ ರೂಪ ಉಂಟಾಗುತ್ತದೆ. ಬೆಳೆಯುವ ಅಕ್ಷಿಪಟದಲ್ಲಿ ಆರಂಭದ ಹಂತದಲ್ಲಿ ಹಾರ್ಮೋನನ್ನು ನಿಷ್ಕ್ರಿಯಗೊಳಿಸುವ ಕಿಣ್ವ ಹೆಚ್ಚಾಗಿರುತ್ತದೆ, ಹಾಗಾಗಿ ಆಗ ಹುಟ್ಟುವ ಶಂಕುಗಳು ನೀಲಿಯಾಗುತ್ತವೆ. ದಿನ ಕಳೆದಂತೆ ಆ ಕಿಣ್ವ ತಗ್ಗಿ, ಟಿ4ನ್ನು ಟಿ3 ಆಗಿ ಪರಿವರ್ತಿಸುವ ಬೇರೊಂದು ಕಿಣ್ವ ಏರುತ್ತದೆ, ಆಗ ಕೆಂಪು ಮತ್ತು ಹಸಿರಿನ ಸರದಿ ಆರಂಭವಾಗುತ್ತದೆ. ಹೊರಗಿನ ಪೂರೈಕೆ ಒಂದೇ ಸಮನಿದ್ದರೂ ಅದನ್ನು ಯಾವಾಗ ಒಳಗೆ ಬಿಟ್ಟುಕೊಳ್ಳಬೇಕು, ಯಾವಾಗ ಕೆಡಿಸಿಹಾಕಬೇಕು ಎಂಬುದನ್ನು ಅಂಗಾಂಶವೇ ನಿಭಾಯಿಸುತ್ತದೆ ಎಂಬ ಈ ಅಂಶ, ಆ ಅಧ್ಯಯನದ ಉಳಿದೆಲ್ಲ ಫಲಿತಾಂಶಗಳಿಗಿಂತ ಹೆಚ್ಚು ದೂರ ಹೋಗುವಂಥದ್ದು.

ಇದಕ್ಕೆ ವೈದ್ಯಕೀಯ ಕಡೆಯಿಂದಲೂ ಪುಷ್ಟಿ ಇದೆ. ಥೈರಾಯ್ಡ್ ಗ್ರಾಹಕದ ಜೀನಿನಲ್ಲಿ ದೋಷವಿದ್ದ ಒಂದು ಶಿಶುವಿನ ಕಣ್ಣಿನಲ್ಲಿ ಕೆಂಪು ಮತ್ತು ಹಸಿರು ಶಂಕುಗಳ ಪ್ರತಿಕ್ರಿಯೆ ಕುಗ್ಗಿ, ನೀಲಿ ಶಂಕುಗಳ ಪ್ರತಿಕ್ರಿಯೆ ಸಹಜಕ್ಕಿಂತ ಹೆಚ್ಚಾಗಿದ್ದುದು 2012ರಲ್ಲಿಯೇ ವರದಿಯಾಗಿತ್ತು. ದಿನ ತುಂಬುವ ಮೊದಲೇ ಹುಟ್ಟಿ, ತಾಯಿಯಿಂದ ಬರುತ್ತಿದ್ದ ಥೈರಾಯ್ಡ್ ಹಾರ್ಮೋನು ತಪ್ಪಿಹೋದ ಮಕ್ಕಳಲ್ಲಿ ಬಣ್ಣದ ನೋಟದ ದೋಷ ಹೆಚ್ಚಾಗಿ ಕಂಡುಬರುವ ಬಗ್ಗೆಯೂ ಅಧ್ಯಯನಗಳಿವೆ. ಇವೆರಡೂ ಹಿಂದೆ ಬಿಡಿ ಸಂಗತಿಗಳಾಗಿದ್ದವು. ಈಗ ಅವುಗಳ ಹಿಂದಿನ ಕಾರಣವನ್ನು ಊಹಿಸಲು ಒಂದು ಆಧಾರ ಸಿಕ್ಕಿದೆ.

ಕೆಂಪು ಮತ್ತು ಹಸಿರಿನ ನಡುವಿನ ಆಯ್ಕೆ ಇದಕ್ಕಿಂತ ಬಿಗಿಯಾದ ಗಂಟು. ಈ ಎರಡು ಆಪ್ಸಿನ್‌ಗಳ ಜೀನುಗಳು ಎಕ್ಸ್ ವರ್ಣತಂತುವಿನ ಮೇಲೆ ಒಂದರ ಪಕ್ಕ ಒಂದು ಕುಳಿತಿವೆ, ಮತ್ತು ಅವುಗಳ ರಚನೆ ಶೇಕಡಾ 95ಕ್ಕಿಂತ ಹೆಚ್ಚು ಒಂದೇ ರೀತಿಯದು. ಒಂದೇ ಪೂರ್ವಜ ಜೀನು, ಸುಮಾರು 3ರಿಂದ 4 ಕೋಟಿ ವರ್ಷಗಳ ಹಿಂದೆ, ಏಷ್ಯಾ ಮತ್ತು ಆಫ್ರಿಕಾ ಖಂಡಗಳ ಕೋತಿಗಳ ಪೂರ್ವಜರಲ್ಲಿ ಇಮ್ಮಡಿಸಿ, ಎರಡರ ಹಾದಿ ಬೇರಾಯಿತೆಂದು ವಿಕಾಸಶಾಸ್ತ್ರ ಹೇಳುತ್ತದೆ. ಇವು ಎಕ್ಸ್ ವರ್ಣತಂತುವಿನ ಮೇಲಿರುವುದರಿಂದಲೇ, ಅಂಥ ಒಂದೇ ವರ್ಣತಂತುವಿರುವ ಗಂಡಸರಲ್ಲಿ ಕೆಂಪು-ಹಸಿರು ವರ್ಣಾಂಧತೆ ಹೆಂಗಸರಿಗಿಂತ ಬಹಳ ಹೆಚ್ಚು. ಎರಡು ಪ್ರೋಟೀನುಗಳೂ ಅಷ್ಟೊಂದು ಹೋಲುವುದರಿಂದ, ಸಾಮಾನ್ಯವಾಗಿ ಬಳಸುವ ಬಣ್ಣಹಚ್ಚುವ ವಿಧಾನದಲ್ಲಿ ಕೆಂಪು ಶಂಕು ಯಾವುದು, ಹಸಿರು ಶಂಕು ಯಾವುದು ಎಂದು ಪ್ರತ್ಯೇಕಿಸಿ ನೋಡಲು ಆಗುತ್ತಿರಲಿಲ್ಲ; 2018ರ ಅಧ್ಯಯನವೂ ಅವೆರಡನ್ನು ಒಂದೇ ಗುಂಪಾಗಿ ಎಣಿಸಬೇಕಾಯಿತು. ಆಸ್ಟಿನ್ ರೂರ್ಡಾ ಮತ್ತು ಡೇವಿಡ್ ವಿಲಿಯಮ್ಸ್ 1999ರಲ್ಲಿ ಜೀವಂತ ಕಣ್ಣಿನೊಳಗಿನ ಶಂಕುಗಳ ಹಂಚಿಕೆಯ ಚಿತ್ರವನ್ನು ಪಡೆದಾಗ, ಬಣ್ಣದ ನೋಟ ಸಹಜವಾಗಿದ್ದ ಇಬ್ಬರಲ್ಲಿ ಒಬ್ಬರಿಗೆ ಕೆಂಪು ಮತ್ತು ಹಸಿರು ಶಂಕುಗಳು ಹೆಚ್ಚುಕಡಿಮೆ ಸಮವಾಗಿದ್ದರೆ, ಇನ್ನೊಬ್ಬರಲ್ಲಿ ಕೆಂಪಿನವು ಹಸಿರಿನ ಸುಮಾರು ನಾಲ್ಕು ಪಟ್ಟು ಇದ್ದವು. ಇಷ್ಟು ವ್ಯತ್ಯಾಸವಿದ್ದರೂ ಇಬ್ಬರ ಬಣ್ಣದ ಅರಿವಿಗೆ ಕುಂದಿರಲಿಲ್ಲ. ಇಂಥ ಸಾಕ್ಷ್ಯದ ಮೇಲೆ, ಕೆಂಪು ಹಸಿರಿನ ಆಯ್ಕೆ ಪ್ರತಿ ಕೋಶದಲ್ಲಿಯೂ ಕೇವಲ ಆಕಸ್ಮಿಕವಾಗಿ ನಡೆಯುತ್ತದೆ ಎಂಬ ಅಭಿಪ್ರಾಯ ಬಲವಾಗಿ ಬೇರೂರಿತ್ತು.

ಜಾನ್ಸ್ಟನ್ ಪ್ರಯೋಗಾಲಯದಿಂದಲೇ 2024ರ ಜನವರಿಯಲ್ಲಿ ಹೊರಬಂದ ಅಧ್ಯಯನ ಈ ಅಭಿಪ್ರಾಯವನ್ನು ಸಡಿಲಿಸಿದೆ. ಪ್ರೋಟೀನಿನ ಬದಲು, ಆ ಪ್ರೋಟೀನನ್ನು ತಯಾರಿಸಲು ಜೀನಿನಿಂದ ಹೊರಡುವ ಆರ್‌ಎನ್‌ಎ ಸಂದೇಶವನ್ನು ಗುರುತಿಸುವ ಒಂದು ಸೂಕ್ಷ್ಮ ವಿಧಾನವನ್ನು ರೂಪಿಸಿದ ಈ ತಂಡ, ಭ್ರೂಣದ ಕಣ್ಣಿನಲ್ಲಿ ಹಸಿರು ಆಪ್ಸಿನ್ನಿನ ಸಂದೇಶ ಮೊದಲು ಕಾಣಿಸಿಕೊಂಡು ಕೆಂಪಿನದು ಆಮೇಲೆ ಬರುವುದನ್ನು ಕಂಡಿತು. ವಯಸ್ಕರ ಅಕ್ಷಿಪಟದಲ್ಲಿ ಮೊದಲು ಬೆಳೆಯುವ ನಡುಭಾಗದಲ್ಲಿ ಎರಡೂ ಬೆರೆತಿದ್ದರೆ, ತಡವಾಗಿ ಬೆಳೆಯುವ ಅಂಚಿನ ಪ್ರದೇಶದಲ್ಲಿ ಕೆಂಪಿನ ಪ್ರಮಾಣವೇ ಅಧಿಕ. ಕಾಲವೇ ಇಲ್ಲಿಯೂ ಕೈವಾಡ ನಡೆಸಿದೆಯೆಂಬ ಸೂಚನೆಯನ್ನು ಹಿಡಿದು ಹುಡುಕಿದಾಗ ಸಿಕ್ಕಿದ್ದು ರೆಟಿನೊಯಿಕ್ ಆಮ್ಲ, ಅಂದರೆ ಎ ಜೀವಸತ್ವದಿಂದ ದೇಹ ತಯಾರಿಸಿಕೊಳ್ಳುವ ಒಂದು ಸಂಕೇತದ್ರವ್ಯ. ಅದನ್ನು ತಯಾರಿಸುವ ಕಿಣ್ವಗಳು ಅಕ್ಷಿಪಟದ ಬೆಳವಣಿಗೆಯ ಆರಂಭದಲ್ಲಿ ಹೇರಳವಾಗಿರುತ್ತವೆ. ಆರ್ಗನಾಯ್ಡುಗಳಿಗೆ ಆರಂಭದ ಹಂತದಲ್ಲಿ ಈ ಆಮ್ಲವನ್ನು ಹೆಚ್ಚಾಗಿ ಒದಗಿಸಿದಾಗ ಹಸಿರು ಶಂಕುಗಳು ಹೆಚ್ಚಿ, ಕೆಂಪಿನವು ಕುಗ್ಗಿದವು. ಅಷ್ಟಕ್ಕೇ ನಿಲ್ಲದೆ, ಜನಸಮೂಹವೊಂದರಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಈ ಅನುಪಾತ ಬದಲಾಗುವುದಕ್ಕೂ, ರೆಟಿನೊಯಿಕ್ ಆಮ್ಲದ ಸಂಕೇತವನ್ನು ಸಾಗಿಸುವ ಎನ್‌ಆರ್2ಎಫ್2 ಎಂಬ ಜೀನಿನ ಒಂದು ಸಣ್ಣ ಭೇದಕ್ಕೂ ನಂಟಿರುವುದನ್ನು ತಂಡ ತೋರಿಸಿತು. ಆಕಸ್ಮಿಕದ ಪಾಲು ಪೂರ್ತಿ ಇಲ್ಲವಾಯಿತೆಂದು ಇದರ ಅರ್ಥವಲ್ಲ. ನಡುಭಾಗದಲ್ಲಿ ಅಕ್ಕಪಕ್ಕದ ಎರಡು ಕೋಶಗಳಲ್ಲಿ ಒಂದು ಕೆಂಪಾಗಿ ಇನ್ನೊಂದು ಹಸಿರಾಗುವುದನ್ನು ಆಮ್ಲದ ಪ್ರಮಾಣದಿಂದಷ್ಟೇ ವಿವರಿಸುವುದು ಕಷ್ಟ. ಆಕಸ್ಮಿಕವೆಂಬ ಹಣೆಪಟ್ಟಿ ಹಚ್ಚಿ ಕೈಬಿಟ್ಟಿದ್ದ ವಿಷಯದಲ್ಲಿ ಅಳೆಯಬಹುದಾದ ಒಂದು ಕಾರಣ ಹೊರಬಿದ್ದಿದೆ ಎಂಬಷ್ಟನ್ನು ಹೇಳಿದರೆ ಅತಿಶಯೋಕ್ತಿಯಾಗದು.

ಆರ್ಗನಾಯ್ಡನ್ನು ಕಣ್ಣೆಂದು ಭ್ರಮಿಸುವುದು ಮಾತ್ರ ಸಲ್ಲದು. ಅದಕ್ಕೆ ರಕ್ತನಾಳಗಳಿಲ್ಲ, ಸತ್ತ ಕೋಶಗಳನ್ನು ತೆರವುಗೊಳಿಸುವ ರಕ್ಷಕ ಕೋಶಗಳು ಸಹಜವಾಗಿ ಸೇರುವುದಿಲ್ಲ, ಮಿದುಳಿಗೆ ಹೋಗುವ ದೃಷ್ಟಿನರವೂ ಇಲ್ಲ. ಸಂಕೇತವನ್ನು ಮಿದುಳಿಗೆ ಒಯ್ಯಬೇಕಾದ ನರಗ್ರಂಥಿ ಕೋಶಗಳು ತಲುಪಬೇಕಾದ ಗುರಿಯೇ ಇಲ್ಲದೆ, ಆರ್ಗನಾಯ್ಡಿನ ಒಳಭಾಗದಲ್ಲಿ ಪೋಷಣೆಯೂ ಸಾಲದೆ, ಕೆಲವು ತಿಂಗಳಲ್ಲಿ ನಶಿಸುತ್ತವೆ; ಹೊರ ಅಂಚಿನ ದ್ಯುತಿಗ್ರಾಹಕಗಳು ಚೆನ್ನಾಗಿ ಬೆಳೆಯುವ ಹೊತ್ತಿಗೆ ಒಳಪದರಗಳು ಸೊರಗಿರುತ್ತವೆ. ದ್ಯುತಿಗ್ರಾಹಕಗಳಿಗೆ ಆಸರೆಯಾಗಿ ಅವುಗಳ ಹೊರತುದಿಯನ್ನು ಅಪ್ಪಿಕೊಂಡಿರಬೇಕಾದ ವರ್ಣಕ ಕೋಶಗಳ ಪದರ ಆರ್ಗನಾಯ್ಡಿನ ಒಂದು ಮೂಲೆಯಲ್ಲಿ ಕಪ್ಪು ಗಂಟಾಗಿ ಕುಳಿತಿರುತ್ತದೆಯೇ ಹೊರತು ತನ್ನ ಜಾಗದಲ್ಲಿ ಹರಡಿಕೊಳ್ಳುವುದಿಲ್ಲ. ಒಂದೇ ದಿನ, ಒಂದೇ ತಟ್ಟೆಯಲ್ಲಿ ಆರಂಭಿಸಿದ ಆರ್ಗನಾಯ್ಡುಗಳೂ ಒಂದರಂತೆ ಇನ್ನೊಂದು ಇರುವುದಿಲ್ಲವಾದ್ದರಿಂದ, ಯಾವ ಪ್ರಯೋಗಕ್ಕಾದರೂ ಅನೇಕ ಆರ್ಗನಾಯ್ಡುಗಳನ್ನು ಎಣಿಸಿಯೇ ತೀರ್ಮಾನಕ್ಕೆ ಬರಬೇಕಾಗುತ್ತದೆ.

ರೋಗಗಳ ಅಭ್ಯಾಸದಲ್ಲಿ ಈ ಮಿತಿ ಹೇಗೆ ಎದುರಾಗುತ್ತದೆ ಎಂಬುದಕ್ಕೆ ಒಂದು ನಿದರ್ಶನವಿದೆ. ಹುಟ್ಟಿನಿಂದಲೇ ಅಥವಾ ಶೈಶವದಲ್ಲಿಯೇ ದೃಷ್ಟಿ ಕಳೆಯುವ ಲೆಬರ್ ಜನ್ಮಜಾತ ಕುರುಡಿಗೆ ಕಾರಣವಾಗುವ ಜೀನುಗಳಲ್ಲಿ ಸಿಇಪಿ290 ಎಂಬುದೂ ಒಂದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2016ರಲ್ಲಿ ಇಂಥ ದೋಷವಿರುವ ವ್ಯಕ್ತಿಯ ಚರ್ಮದ ಕೋಶಗಳಿಂದ ಅಕ್ಷಿಪಟದ ಆರ್ಗನಾಯ್ಡುಗಳನ್ನು ಬೆಳೆಸಿ, ಜೀನಿನ ಸಂದೇಶದಲ್ಲಿ ಸೇರಿಕೊಳ್ಳುವ ಅನವಶ್ಯಕ ತುಣುಕನ್ನು ಮರೆಮಾಡುವ ಕಿರಿದಾದ ಕೃತಕ ಎಳೆಯೊಂದರಿಂದ ಆ ದೋಷವನ್ನು ಗಣನೀಯವಾಗಿ ಸರಿಪಡಿಸಬಹುದೆಂದು ತೋರಿಸಿದರು. ರೋಗವಿದ್ದ ವ್ಯಕ್ತಿಯ ದೇಹದ ಬೇರೆ ಕೋಶಗಳಿಗಿಂತ ದ್ಯುತಿಗ್ರಾಹಕಗಳಲ್ಲಿಯೇ ಈ ದೋಷ ಏಕೆ ಹೆಚ್ಚು ಹಾನಿ ಮಾಡುತ್ತದೆ ಎಂಬುದೂ ಅದೇ ಆರ್ಗನಾಯ್ಡುಗಳಿಂದ ತಿಳಿಯಿತು, ಏಕೆಂದರೆ ತಪ್ಪು ಸಂದೇಶದ ಪ್ರಮಾಣ ಆ ಕೋಶಗಳಲ್ಲಿ ಬಹಳ ಹೆಚ್ಚಾಗಿತ್ತು. ಇದೇ ಬಗೆಯ ಔಷಧ ಮುಂದೆ ರೋಗಿಗಳ ಮೇಲಿನ ಪರೀಕ್ಷೆಗೆ ಹೋಗಿ, ಕೆಲವರಲ್ಲಿ ಆರಂಭದಲ್ಲಿ ಭರವಸೆ ಮೂಡಿಸಿದರೂ, 2022ರಲ್ಲಿ ಹೊರಬಂದ ನಂತರದ ಹಂತದ ಫಲಿತಾಂಶದಲ್ಲಿ ನಿಗದಿಯಾದ ಮುಖ್ಯ ಗುರಿಯನ್ನು ಮುಟ್ಟಲಿಲ್ಲ. ಎಳೆಯ ಅಂಗಾಂಶದಲ್ಲಿ ಅಣುವಿನ ಮಟ್ಟದ ದೋಷ ಸರಿಹೋಗುವುದೂ, ವರ್ಷಗಟ್ಟಲೆ ರೋಗಕ್ಕೆ ಸಿಕ್ಕ ಕಣ್ಣಿಗೆ ನೋಟ ಮರಳುವುದೂ ಒಂದೇ ಅಲ್ಲ.

ಕಸಿಯ ಪ್ರಯತ್ನಗಳು ನಡೆದೇ ಇವೆ. ವಿಸ್ಕಾನ್ಸಿನ್-ಮ್ಯಾಡಿಸನ್‌ನ ಡೇವಿಡ್ ಗ್ಯಾಮ್ ಅವರ ತಂಡ, ಆರ್ಗನಾಯ್ಡಿನಿಂದ ಬಿಡಿಸಿ ತೆಗೆದ ಅಕ್ಷಿಪಟದ ಕೋಶಗಳು ನೆರೆಯ ಕೋಶಗಳೊಂದಿಗೆ ಹೊಸದಾಗಿ ನರಸಂಪರ್ಕ ಕಲ್ಪಿಸಿಕೊಳ್ಳಬಲ್ಲವು ಎಂದು 2023ರಲ್ಲಿ ತೋರಿಸಿದೆ. ಕಸಿಮಾಡಿದ ಕೋಶಗಳು ರೋಗಿಯ ಕಣ್ಣಿನಲ್ಲಿ ಬೆಸೆದುಕೊಳ್ಳಬೇಕಾದರೆ ಈ ಗುಣ ಇರಲೇಬೇಕು. ಮನುಷ್ಯರ ಮೇಲಿನ ಕಸಿಯಲ್ಲಿ ಮುಂದಿರುವುದು ದ್ಯುತಿಗ್ರಾಹಕಗಳಿಗಿಂತ ಅವುಗಳಿಗೆ ಆಸರೆಯಾದ ವರ್ಣಕ ಪದರದ ಕೋಶಗಳು. ಕೋಬೆಯಲ್ಲಿ ಮಸಾಯೊ ತಕಾಹಶಿ ಅವರ ನೇತೃತ್ವದಲ್ಲಿ 2014ರ ಸೆಪ್ಟೆಂಬರಿನಲ್ಲಿ, ವಯಸ್ಸಿನೊಂದಿಗೆ ಬರುವ ಮ್ಯಾಕ್ಯುಲಾ (ಅಕ್ಷಿಪಟದ ನಡುಭಾಗ) ಸವೆತದಿಂದ ಬಳಲುತ್ತಿದ್ದ ಎಪ್ಪತ್ತು ದಾಟಿದ ಮಹಿಳೆಗೆ, ಅವರದೇ ಚರ್ಮದ ಕೋಶಗಳಿಂದ ತಯಾರಿಸಿದ ಇಂಥ ಪದರವನ್ನು ಕಸಿಮಾಡಲಾಯಿತು. ಬೆಂಗಳೂರಿನ ಐಸ್ಟೆಮ್ ಸಂಸ್ಥೆಯೂ ಇದೇ ವರ್ಣಕ ಕೋಶಗಳನ್ನು ಆಕರಕೋಶಗಳಿಂದ ತಯಾರಿಸಿ ಮ್ಯಾಕ್ಯುಲಾ ಸವೆತಕ್ಕೆ ಬಳಸುವ ನಿಟ್ಟಿನಲ್ಲಿ ಕೆಲಸಮಾಡುತ್ತಿದೆ, ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯಲ್ಲಿ ಅಕ್ಷಿಪಟದ ಆರ್ಗನಾಯ್ಡುಗಳ ಸಂಶೋಧನೆಯೂ ನಡೆದಿದೆ. ಸೋದರಮಾವ, ಸೋದರತ್ತೆಯ ಮಕ್ಕಳೊಡನೆ ಮದುವೆಯಾಗುವ ರೂಢಿ ಇರುವ ಕರ್ನಾಟಕವೂ ಸೇರಿದ ದಕ್ಷಿಣ ಭಾರತದಲ್ಲಿ, ತಂದೆತಾಯಿ ಇಬ್ಬರಿಂದಲೂ ದೋಷಯುಕ್ತ ಜೀನು ಬಂದಾಗ ತಲೆದೋರುವ ಅಕ್ಷಿಪಟದ ಅನುವಂಶೀಯ ರೋಗಗಳ ಸಾಧ್ಯತೆ ಹೆಚ್ಚಾದ್ದರಿಂದ, ಇಲ್ಲಿನ ಕುಟುಂಬಗಳ ಕೋಶಗಳಿಂದಲೇ ಬೆಳೆಸಿದ ಆರ್ಗನಾಯ್ಡುಗಳಿಗೆ ವಿಶೇಷ ಬೆಲೆಯಿದೆ.

ಇದರ ಜೊತೆಗೇ ಒಂದು ಎಚ್ಚರಿಕೆಯನ್ನೂ ಹೇಳಬೇಕಾಗುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ 2015ರಲ್ಲಿ, ಹೊಟ್ಟೆಯ ಕೊಬ್ಬಿನಿಂದ ತೆಗೆದ ಆಕರಕೋಶಗಳೆಂದು ಹೇಳಿ ಎರಡೂ ಕಣ್ಣಿಗೆ ಚುಚ್ಚಿಸಿಕೊಂಡ ಮೂವರು ಮಹಿಳೆಯರು ಬಹುಮಟ್ಟಿಗೆ ದೃಷ್ಟಿ ಕಳೆದುಕೊಂಡ ಪ್ರಕರಣ 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಯಿತು. ಅದೇ ವರ್ಷ ಹೊರಬಂದ ಭಾರತದ ರಾಷ್ಟ್ರೀಯ ಆಕರಕೋಶ ಮಾರ್ಗಸೂಚಿಗಳು ರಕ್ತದ ಕಾಯಿಲೆಗಳಿಗೆ ಬಳಸುವ ರಕ್ತೋತ್ಪಾದಕ ಆಕರಕೋಶಗಳ ಕಸಿಯನ್ನು ಬಿಟ್ಟು ಉಳಿದ ಬಳಕೆಯನ್ನೆಲ್ಲ ಅನುಮತಿ ಪಡೆದ ಪರೀಕ್ಷೆಗಳ ಮಿತಿಯೊಳಗೆ ಇರಿಸಿದವು. ಕೊಬ್ಬಿನ ಕೋಶವನ್ನು ಕಣ್ಣಿಗೆ ಚುಚ್ಚಿದ ಮಾತ್ರಕ್ಕೆ ಅದು ಶಂಕುಕೋಶವಾಗುವುದಿಲ್ಲ. ಸರಿಯಾದ ಸಂಕೇತಗಳು ಸರಿಯಾದ ವಾರದಲ್ಲಿ ಒದಗಿದ ಆಕರಕೋಶಕ್ಕೂ ಆ ದಾರಿ ಕ್ರಮಿಸಲು ತಿಂಗಳುಗಳೇ ಬೇಕು ಎಂಬುದನ್ನು ಈ ಸಂಶೋಧನೆಗಳನ್ನು ಓದಿದ ಯಾರಾದರೂ ಬಲ್ಲರು.

ಸಂಶೋಧಕರ ಮುಂದೆ ಈಗ ಇರುವ ದೊಡ್ಡ ಕೊರತೆಯೆಂದರೆ ಫೋವಿಯಾ. ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಮುಂತಾದ ಸೂಕ್ಷ್ಮ ನೋಟದ ಕೆಲಸಗಳೆಲ್ಲ ಈ ಪುಟ್ಟ ಕುಳಿಯ ಪಾಲಿನವು. ಮ್ಯಾಕ್ಯುಲಾ ಸವೆತ ಹಾಳುಗೆಡವುವುದೂ ಇದರ ಆಸುಪಾಸಿನ ಪ್ರದೇಶವನ್ನೇ. ಇದರ ನಟ್ಟನಡುವೆ ದಂಡಕೋಶಗಳಿಲ್ಲ, ನೀಲಿ ಶಂಕುಗಳೂ ಇಲ್ಲ, ಕೆಂಪು ಮತ್ತು ಹಸಿರು ಶಂಕುಗಳು ಮಾತ್ರ ಅತಿ ಸಾಂದ್ರವಾಗಿ ಒತ್ತೊತ್ತಾಗಿ ನಿಂತಿರುತ್ತವೆ. ತಟ್ಟೆಯಲ್ಲಿ ಬೆಳೆಯುವ ಆರ್ಗನಾಯ್ಡು ಈ ರಚನೆಯನ್ನು ತಾನಾಗಿ ಕಟ್ಟಿಕೊಳ್ಳುವುದಿಲ್ಲ. ಕೋಳಿಮರಿಯ ಕಣ್ಣಿನಲ್ಲಿ ಇದಕ್ಕೆ ಸಮನಾದ, ದಂಡಕೋಶಗಳಿಲ್ಲದ ಸೂಕ್ಷ್ಮ ನೋಟದ ಪ್ರದೇಶವೊಂದಿದ್ದು, ಅದು ರೂಪುಗೊಳ್ಳಬೇಕಾದರೆ ಆ ಜಾಗದಲ್ಲಿ ರೆಟಿನೊಯಿಕ್ ಆಮ್ಲವನ್ನು ಕೆಡಿಸುವ ಕಿಣ್ವವೊಂದು ಕೆಲಸಮಾಡಬೇಕೆಂದು ಹಾರ್ವರ್ಡ್ ವೈದ್ಯಕೀಯ ಶಾಲೆಯ ಸುಸಾನಾ ಡ ಸಿಲ್ವ ಮತ್ತು ಕಾನಿ ಸೆಪ್ಕೊ 2017ರಲ್ಲಿ ತೋರಿಸಿದರು. ಅದೇ ಕಿಣ್ವದ ಜೀನು ಮಾನವ ಭ್ರೂಣದಲ್ಲಿ ಫೋವಿಯಾ ಆಗಬೇಕಾದ ಜಾಗದಲ್ಲಿಯೂ ಚುರುಕಾಗಿರುವುದು ಕಂಡುಬಂದಿದೆ. ಆರ್ಗನಾಯ್ಡುಗಳನ್ನು ಬೆಳೆಸುವ ಪೋಷಕ ದ್ರಾವಣಕ್ಕೆ ಬಹುತೇಕ ಪ್ರಯೋಗಾಲಯಗಳು ರೆಟಿನೊಯಿಕ್ ಆಮ್ಲವನ್ನು ವಾಡಿಕೆಯಾಗಿ ಬೆರೆಸುತ್ತ ಬಂದಿವೆ. ಆ ಆಮ್ಲವನ್ನು ಯಾವ ವಾರದಲ್ಲಿ ತಗ್ಗಿಸಬೇಕು, ಎಷ್ಟು ದಿನ ತಡೆಹಿಡಿಯಬೇಕು, ಥೈರಾಯ್ಡ್ ಹಾರ್ಮೋನನ್ನು ಅದರೊಂದಿಗೆ ಹೇಗೆ ಹೊಂದಿಸಬೇಕು ಎಂಬ ಲೆಕ್ಕಾಚಾರದಲ್ಲಿ ಜಾನ್ಸ್ಟನ್ ಅವರ ತಂಡವೂ ಸೇರಿದಂತೆ ಹಲವು ಪ್ರಯೋಗಾಲಯಗಳು ತೊಡಗಿವೆ, ಮತ್ತು ಅಂಥ ಪ್ರತಿಯೊಂದು ಲೆಕ್ಕದ ಉತ್ತರಕ್ಕೂ ಅವು ಆರೆಂಟು ತಿಂಗಳು ಕಾಯಬೇಕಾಗಿದೆ.